ಸೋದರತ್ತೆಯರ ಸಾಲಿನಲ್ಲಿ ಡಾಕ್ಟರ್

ಮತ್ತೆ ಆ ಕೀರಲು, ಮೈಕಿನದು, ಕಿವಿಯಲ್ಲಿ ಹೊಕ್ಕು ಹಲ್ಲಿನ ಬುಡಕ್ಕೆ ಇಳಿಯುವಂಥದ್ದು, ಆ ಧ್ವನಿಪೆಟ್ಟಿಗೆಯನ್ನು ಯಾರಾದರೂ ಆಚೆ ತಿರುಗಿಸಬಾರದೇ, ಹೆಂಗಸರ ತಲೆಯ ಮೇಲೇ ತಂದಿಡಬೇಕಿತ್ತೇ, ಸೊಂಟದ ಪಟ್ಟಿಯ ಕಾಟ ಬೇರೆ, ಪಕ್ಕದ ಕುರ್ಚಿಯ ಈ ಕೆವಿನಕ್ಕ ಕಟ್ಟಿದರೆ ಕಟ್ಟಿದ್ದೇ, ಉಸಿರು ಹೊಟ್ಟೆಗೆ ಇಳಿಯದ ಹಾಗೆ ಬಿಗಿದಿದ್ದಾಳೆ, ಸ್ವಲ್ಪ ಸಡಿಲ ಮಾಡೇ ಅಂದರೆ ಸುಮ್ನಿರು ರೆಜಿನಾ, ಹುಡುಗಿಗೆ ಸೋದರತ್ತೆ ನೀನು, ಮೊದಲ್ನೇ ಕುರ್ಚಿ ನಿಂದು, ನಾನು ಹೊಲಿದ ಗೋಮೆಸಿ ನಿನ್ ಮೈಮೇಲೆ ಜಾರಿದ್ರೆ ನಾಳೆಯಿಂದ ನನ್ ಹತ್ರ ಯಾರು ಬಟ್ಟೆ ಕೊಡ್ತಾರೆ ಅಂತ ಗದರಿಸುತ್ತಾಳೆ. ಗೋಮೆಸಿಯ, ಹೆಂಗಸರ ಈ ಹಬ್ಬದ ನಿಲುವಂಗಿಯ, ಭುಜ ಎರಡೂ ಕಿವಿಯ ಹತ್ತಿರ ಎದ್ದು ನಿಂತಿವೆ, ಕುರ್ಚಿಯ ಕಾಲು ಹುಲ್ಲಿನಲ್ಲಿ ಹೂತುಕೊಳ್ಳುತ್ತಿದೆ, ಲಿಯೊನ್ಸಿಯೊ ಅಣ್ಣ ಬೆಳಗ್ಗೆಯಿಂದ ಮಸಾಕದ ಅರ್ಧ ಊರನ್ನೇ ಅಂಗಳದಲ್ಲಿ ಕೂಡಿಹಾಕಿದ್ದಾನೆ, ಈ ಕಡೆ ಚಪ್ಪರ ನಮ್ಮದು, ಎದುರು ಚಪ್ಪರ ಗಂಡಿನವರದು, ನಡುವೆ ಬಿಸಿಲು, ಬಿಸಿಲಿನಲ್ಲಿ ಮೈಕು ಹಿಡಿದ ಬುಯೊಂದೊ, ನಮ್ಮ ಕಡೆಯ ಮಾತುಗಾರ, ದುಡ್ಡು ಕೊಟ್ಟು ಕರೆಸಿದವನು, ಬಾಯಿ ತೆಗೆದರೆ ಹುಡುಗಿ ಕೊಡೋದು ಬಿಡೋದು ಆಮೇಲೆ, ಮೊದಲು ನೀವ್ಯಾರು, ದಾರಿ ತಪ್ಪಿ ಬಂದ್ರಾ, ನೀರು ಕುಡಿಯೋಕೆ ಬಂದ್ರಾ ಎಂದು ಗಂಡಿನವರನ್ನು ಕಿಚಾಯಿಸುವುದೇ ಅವನ ಕಸುಬು. ರೆಜಿನಾಳ ಕೆಲಸ ಇಷ್ಟೇ, ಕರೆದಾಗ ಎದ್ದು ಹೋಗಿ ಎದುರು ಚಪ್ಪರದ ಬಿಳಿ ನಿಲುವಂಗಿಗಳ ನಡುವಿನಿಂದ ಅಣ್ಣನ ಮಗಳು ಗೊರೆಟ್ಟಿ ಮೆಚ್ಚಿದ ಹುಡುಗನನ್ನು ಕೈಹಿಡಿದು ಹೊರಗೆ ತರುವುದು, ಇವನೇ ನಮ್ಮಳಿಯ ಅನ್ನುವುದು. ಅಷ್ಟಕ್ಕೆ ಅವಳು ತಯಾರಾಗಿಯೇ ಬಂದಿದ್ದಳು. ಗಂಡಿನವರು ಸಾಲಾಗಿ ಬೇಲಿ ದಾಟಿ ಬರುವಾಗ ಆ ಸಾಲಿನ ನಡುವೆ ಬೋಳುತಲೆಯೊಂದು ಹೊಳೆಯಿತು, ತಲೆಯ ಕೆಳಗೆ ಕವೂಮಾ ಸಾಹೇಬರು.

ಅದೇ ಕವೂಮಾ, ಸೋಪಿನ ಕಾರ್ಖಾನೆಯ ಯಜಮಾನರು, ಸೋಮವಾರ ಅವಳ ಕೆಲಸ ಕಾಯಂ ಮಾಡುವ ಕಾಗದಕ್ಕೆ ರುಜು ಹಾಕಬೇಕಾದವರು, ಅವರಿಗೂ ಈ ಮದುವೆಗೂ ಏನು ಸಂಬಂಧ, ಕಂಪಾಲಾದಲ್ಲಿ ಇಷ್ಟು ಜನ ಇರುವಾಗ ಗೊರೆಟ್ಟಿ ಹೋಗಿ ಹೋಗಿ ಇವರ ತಂಗಿಯ ಮಗನನ್ನೇ ಹಿಡಿಯಬೇಕಿತ್ತೇ. ಕೆವಿನಕ್ಕನ ಅಗಲ ಭುಜದ ಹಿಂದೆ ಮುಖ ಮರೆಮಾಡಿಕೊಂಡು ಕೂತಳು. ತಪ್ಪೇನು ಮಾಡಿದ್ದೇನೆ, ಕದ್ದಿಲ್ಲ, ಸುಳ್ಳು ಹೇಳಿಲ್ಲ, ನೀನು ಡಾಕ್ಟರಾ ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಕೆಲಸಕ್ಕೆ ಕರೆದ ದಿನ ಮೇಜಿನ ಮೇಲೆ ಸೋಪಿನ ತುಂಡಿಟ್ಟುಕೊಂಡು ಕೂತಿದ್ದರು, ನೋಡಮ್ಮ ರೆಜಿನಾ, ಹೋದ್ಸಲ ಈ ಜಾಗಕ್ಕೆ ಒಬ್ಬ ಡಾಕ್ಟರ್‌ನ ತಂದಿದ್ದೆ, ವ್ಯಾಪಾರಶಾಸ್ತ್ರದಲ್ಲಿ ಡಾಕ್ಟರ್, ಮೀಟಿಂಗು ಅಂದ, ಆ ಮೀಟಿಂಗ್ ಯಾಕೆ ಸರಿಯಾಗ್ಲಿಲ್ಲ ಅಂತ ಇನ್ನೊಂದು ಮೀಟಿಂಗು ಅಂದ, ಬಣ್ಣ ಬಣ್ಣದ ಬಾಣ ಬರೆದು ಗೋಡೆಗೆ ಅಂಟಿಸ್ದ, ಸೋಪು ಮಾತ್ರ ಗೋಡೌನಲ್ಲೇ ಕೂತಿತ್ತು, ಅವತ್ತೇ ಆಣೆ ಮಾಡ್ದೆ, ನನ್ ಬಾಗಿಲಲ್ಲಿ ಇನ್ನೊಬ್ಬ ಡಾಕ್ಟರ್ ಕಾಲಿಡಬಾರ್ದು ಅಂತ, ನಿಂದೇನಮ್ಮ ಓದು. ನಾನೂ ಡಾಕ್ಟರೇ ಎಂದು ಅವಳ ನಾಲಿಗೆಯ ಮೇಲೆ ಬಂದೇ ಬಿಟ್ಟಿತ್ತು, ನುಂಗಿಕೊಂಡಳು, ಬ್ಯಾಂಕಿನಲ್ಲಿದ್ದೆ ಸರ್, ಎಂಬಿಎ ಆಗಿದೆ. ಎಂಬಿಎ ಆದ್ರೆ ಪರ್ವಾಗಿಲ್ಲ, ಈಗ ಯಾರಿಗಾಗಿಲ್ಲ ಎಂದು ನಕ್ಕರು.

ಯಾರಿಗಾಗಿಲ್ಲ, ನಿಜ, ಅದೇ ತಾನೆ ಎಲ್ಲದಕ್ಕೂ ಮೂಲ. ಬ್ಯಾಂಕಿನಲ್ಲಿ ಕಿಟಕಿಯ ಹಿಂದೆ ನೋಟು ಕೊಡುತ್ತಿದ್ದ ಕಾಲಕ್ಕೆ ಮ್ಯಾನೇಜರ್ ಹೇಳಿದ್ದರು, ಮೇಲೆ ಹೋಗ್ಬೇಕಾ, ಎಂಬಿಎ ಮಾಡ್ಕೊಂಡ್ ಬಾ. ಸಂಜೆ ತರಗತಿ, ವಾಹನಗಳ ಹೊಗೆ, ಹಸಿವು, ಮಾಡಿಕೊಂಡು ಬಂದಳು, ಬರುವಷ್ಟರಲ್ಲಿ ಕಿಟಕಿಯ ಹಿಂದೆ ಕೂತವರಿಗೆಲ್ಲ ಎಂಬಿಎ ಆಗಿತ್ತು, ಚಹಾ ತರುವವಳು ಕೂಡ ಅರ್ಜಿ ಹಾಕಿದ್ದಳು, ಹೊಸ ಮ್ಯಾನೇಜರ್ ಅಂದರು ಇದು ಈಗ ಎಲ್ರಿಗೂ ಇದೆ, ಬೇರೆಯವ್ರಿಗಿಂತ ಒಂದು ಮೆಟ್ಲು ಮೇಲಿರ್ಬೇಕು ನೀನು. ಮೆಟ್ಟಿಲಂತೆ. ಪಿಎಚ್‌ಡಿ. ಮಾರ್ಗದರ್ಶಕರು ಒಂದು ಅಧ್ಯಾಯವನ್ನು ಇಟ್ಟುಕೊಂಡರೆ ಮಳೆಗಾಲವೊಂದು ಮುಗಿದು ಇನ್ನೊಂದು ಬರಬೇಕು, ಕೊಟ್ಟಾಗ ಅದರಲ್ಲಿ ಅಲ್ಪವಿರಾಮಗಳಿಗೆ ಮಾತ್ರ ಕೆಂಪು ಸುತ್ತು, ಆಮೇಲೆ ಅವರು ಬೇರೆ ದೇಶಕ್ಕೆ ಹೋದರು, ಆಮೇಲೆ ಹೊಸಬರು ಬಂದು ವಿಷಯವೇ ಸರಿಯಿಲ್ಲ ಅಂದರು. ವಿಷಯಕ್ಕೇನಾಗಿತ್ತು, ಮೂಲೆ ಅಂಗಡಿಯವರು ಯಾವ ಸರಕನ್ನು ಕೈಗೆ ಸಿಗುವ ಹಲಗೆಯ ಮೇಲೆ ಇಡುತ್ತಾರೆ, ಯಾಕೆ ಇಡುತ್ತಾರೆ, ಅದು. ಅಂಗಡಿ ಅಂಗಡಿ ಅಲೆದಳು, ಹಿಟ್ಟಿನ ಮೂಟೆಯ ಮೇಲೆ ಕೂತು ಅವರ ಕಷ್ಟಸುಖ ಕೇಳಿದಳು, ಅಣ್ಣ ಪ್ರತಿ ತಿಂಗಳೂ ಮಸಾಕದಿಂದ ಬಾಳೆಗೊನೆ ಕಳಿಸುತ್ತಿದ್ದ, ಯಾರಾದರೂ ಬಸ್ಸಿನಲ್ಲಿ ತಂದುಕೊಡುತ್ತಿದ್ದರು, ಓದೋರಿಗೆ ಹೊಟ್ಟೆ ತುಂಬಿರ್ಬೇಕು ಅನ್ನುತ್ತಿದ್ದ, ಏನೋದ್ತಾಳೋ ನಿನ್ ತಂಗಿ ಎಂದು ಯಾರಾದರೂ ಕೇಳಿದರೆ ಅಂಗಡಿ ಓದ್ತಾಳೆ ಎಂದು ಎದೆಯುಬ್ಬಿಸಿ ಹೇಳುತ್ತಿದ್ದ. ಕೊನೆಗೊಂದು ದಿನ ಕೆಂಪು ನಿಲುವಂಗಿ, ಚಪ್ಪಟೆ ಟೋಪಿ, ಅಣ್ಣನ ಕಣ್ಣಲ್ಲಿ ನೀರು. ಮರುದಿನ ಬ್ಯಾಂಕಿಗೆ ಹೋದರೆ ಡಾಕ್ಟರ್‌ಗಳಿಗೆ ನಮ್ಮಲ್ಲಿ ದರ್ಜೆನೇ ಇಲ್ವಲ್ಲಮ್ಮ ಅಂದರು, ಕಿಟಕಿಯ ಹಿಂದೆ ಡಾಕ್ಟರ್ ಕೂತ್ರೆ ಚೆನ್ನಾಗಿರಲ್ಲ ಅಂದರು. ವಿಶ್ವವಿದ್ಯಾಲಯಕ್ಕೆ ಹೋದರೆ ಲೇಖನಗಳೆಲ್ಲಿ ಅಂದರು, ವಾರಕ್ಕೆರಡು ಪಾಠ ಕೊಡುತ್ತೇವೆ, ಸಂಬಳ ಬಂದಾಗ ಕೊಡುತ್ತೇವೆ ಅಂದರು. ಕಂಪನಿಗಳಿಗೆ ಹೋದರೆ ಇಷ್ಟು ಓದಿದೋರು ನೀವು, ಇಲ್ಲಿ ನಿಮ್ಗೆ ಬೇಜಾರಾಗುತ್ತೆ ಅಂದರು. ನನಗೆ ಬೇಜಾರಾಗುತ್ತದೆ ಎಂದು ಇವರಿಗೆ ಹೇಗೆ ಗೊತ್ತು, ಬೇಜಾರಾದರೆ ನಾನು ಆಗುತ್ತೇನೆ, ಸಂಬಳ ಕೊಡಿ, ಬೇಜಾರು ಮಾಡಿಕೊಂಡೇ ದುಡಿಯುತ್ತೇನೆ. ಊರಿಗೆ ಬಂದರೆ ಡಾಕ್ಟ್ರೇ ಮಂಡಿ ನೋವು, ಡಾಕ್ಟ್ರೇ ಮಗೂಗೆ ಕೆಮ್ಮು. ಆ ಹೆಸರನ್ನು ತಲೆ ಮೇಲೆ ಹೊತ್ತು ತಿರುಗಿ ತಿರುಗಿ ಕತ್ತು ಬಿದ್ದುಹೋಗುವುದೊಂದು ಬಾಕಿ ಇತ್ತು, ಅದಕ್ಕೇ ಕವೂಮಾ ಎದುರು ಕೆಳಗಿಳಿಸಿಟ್ಟಳು, ಇಳಿಸಿದ ಕೂಡಲೇ ಕೆಲಸ ಸಿಕ್ಕಿತು, ಇದಕ್ಕೆ ನಗಬೇಕೋ ಅಳಬೇಕೋ.

ಮಜಾ ಅಂದರೆ ಆಮೇಲಿನದು. ಪೂರ್ವದ ಕಡೆ ಒಂದು ಕಾಲದಲ್ಲಿ ಯಾರೂ ಮುಟ್ಟದಿದ್ದ ಸೋಪು ಈಗ ಪ್ರತಿ ಅಂಗಡಿಯ ಕೈಗೆ ಸಿಗುವ ಹಲಗೆಯ ಮೇಲಿದೆ, ಯಾಕೆ, ಅಂಗಡಿಯವನು ಕಮಿಷನ್ ಕೊಡುವವನಿಗಿಂತ ಒಡೆದ ಸರಕನ್ನು ಮಾತಿಲ್ಲದೆ ವಾಪಸು ತಗೊಳ್ಳುವವನನ್ನು ನೆನಪಿಡುತ್ತಾನೆ ಎಂದು ಅವಳಿಗೆ ಗೊತ್ತು, ನಾಲ್ಕನೇ ಅಧ್ಯಾಯ, ಕೆಂಪು ಸುತ್ತಿನ ಅಧ್ಯಾಯ. ಕವೂಮಾ ಎಲ್ಲರ ಮುಂದೆ ಬೆನ್ನು ತಟ್ಟಿದರು, ನೋಡ್ರಯ್ಯ, ಇದು ಅನುಭವ ಕಲಿಸೋದು, ಪುಸ್ತಕ ಅಲ್ಲ. ಅವಳು ಹಲ್ಲು ಕಚ್ಚಿಕೊಂಡು ಥ್ಯಾಂಕ್ಯೂ ಸರ್ ಅಂದಳು. ನಿನ್ನೆ ಗೊರೆಟ್ಟಿ ಬಾಳೆಕಾಯಿ ಸುಲಿಯುತ್ತಾ ಕೇಳಿದ್ದಕ್ಕೆ ಏನು ಹೇಳಲಿ, ಸೆಂಗಾ, ಎಂಬಿಎ ಸೀಟ್ ಸಿಕ್ಕಿದೆ, ಸೇರ್ಕೊಳ್ಲಾ, ಆಮೇಲೆ ನಿನ್ನ ಹಾಗೇ ಡಾಕ್ಟರ್ ಮಾಡ್ತೀನಿ. ಸೆಂಗಾ ಅಂದರೆ ಸೋದರತ್ತೆ, ಹುಡುಗಿಗೆ ಬದುಕು ಹೇಳಿಕೊಡುವುದು ಸೋದರತ್ತೆಯ ಕೆಲಸ, ಎಲ್ಲ ಕಾಲದಿಂದಲೂ ಹಾಗೆ, ಆದರೆ ರೆಜಿನಾ ಚಾಕು ಚೂಪಾಗಿಲ್ಲ, ಬೇರೆ ತಗೊಂಬಾ ಅಂದಳು.

ಈಗ ಮೊದಲು ಬುಯೊಂದೊನ ಬಾಯಿ ಮುಚ್ಚಿಸಬೇಕು. ಅಣ್ಣ ಅವನಿಗೆ ಮನೆತನದ ಹೆಗ್ಗಳಿಕೆಯನ್ನೆಲ್ಲ ಉರು ಹೊಡೆಸಿರುತ್ತಾನೆ, ಯಾರ ಮನೆ ಹೆಣ್ಣು ಕೇಳ್ತಿದ್ದೀರಿ ಗೊತ್ತಾ, ಡಾಕ್ಟರ್ ಇರೋ ಮನೆ ಎಂದು ಇವನು ಮೈಕಿನಲ್ಲಿ ಒದರಿದರೆ ಸೋಮವಾರವೂ ಇಲ್ಲ, ಕಾಗದವೂ ಇಲ್ಲ. ಕೆವಿನಕ್ಕ, ಹೋಗಿ ಅವನ ಕಿವೀಲಿ ಹೇಳು, ಡಾಕ್ಟರ್ ಅನ್ನೋ ಮಾತೇ ಎತ್ತಬೇಡ ಅಂತ, ದಮ್ಮಯ್ಯ. ಯಾಕೇ, ಏನಾಯ್ತೇ. ಆ ಬೋಳುತಲೆ ನಮ್ ಕಾರ್ಖಾನೆ ಯಜಮಾನ್ರು, ಗೊತ್ತಾದ್ರೆ ಕೆಲಸ ಹೋಗುತ್ತೆ. ಕೆವಿನಕ್ಕ ದಪ್ಪ ಕನ್ನಡಕ ಏರಿಸಿಕೊಂಡು ಎದುರು ಚಪ್ಪರವನ್ನೊಮ್ಮೆ ನೋಡಿದಳು, ಓದಿದ್ದಕ್ಕೆ ಕೆಲಸ ತೆಗೀತಾರಾ, ಕಾಲ ಕೆಟ್ಟೋಯ್ತು ಎಂದು ಗೊಣಗುತ್ತಾ ಎದ್ದಳು, ಬಿಸಿಲಿಗೆ ಹೋಗಿ ಬುಯೊಂದೊನ ಕಿವಿಯ ಹತ್ತಿರ ಬಾಗಿದಳು, ಅವನು ತಲೆಯಾಡಿಸಿದ, ಇನ್ನೊಮ್ಮೆ ಆಡಿಸಿದ, ಕಣ್ಣು ಮಿನುಗಿತು. ಆ ಮಿನುಗು ರೆಜಿನಾಗೆ ಇಲ್ಲಿಂದಲೇ ಕಂಡಿತು, ಆಗ ಹೊಳೆಯಿತು ತಾನು ಮಾಡಿದ ದಡ್ಡತನ. ಇದು ಕ್ವಾಂಜುಲಾ, ಹೆಣ್ಣು ಒಪ್ಪಿಸುವ ದಿನ, ಇಲ್ಲಿ ಹೆಣ್ಣಿನವರು ಬೇಡ ಅಂದರೆ ಬೇಕು, ಇಲ್ಲ ಅಂದರೆ ಇದೆ, ಮನೆಯಲ್ಲಿರುವ ಬೆಲೆಬಾಳುವುದನ್ನೆಲ್ಲ ಮುಚ್ಚಿಡುವುದು, ಗಂಡಿನವರು ಹುಡುಕಿ ಸೋತು ದಂಡ ತೆತ್ತ ಮೇಲೆ ತೋರಿಸುವುದು, ಮದುಮಗಳನ್ನೇ ಹಾಗೆ ಒಳಕೋಣೆಯಲ್ಲಿ ಕೂಡಿಹಾಕಿರುವಾಗ ಡಾಕ್ಟರ್ ಅನ್ನಬೇಡ ಎಂದರೆ ಮಾತುಗಾರನಿಗೆ ಇನ್ನೇನು ಅರ್ಥವಾದೀತು, ಡಾಕ್ಟರ್‌ನ ಬಚ್ಚಿಡು, ಒಂದು ಆಡು ಕೀಳು, ಅಷ್ಟೇ. ನಲವತ್ತು ದಾಟಿದ ಹೆಂಗಸು, ಹತ್ತಾರು ಕ್ವಾಂಜುಲಾ ನೋಡಿದವಳು, ಇಷ್ಟು ತಿಳಿಯಲಿಲ್ಲವೇ ನಿನಗೆ, ಯಾವ ಅಧ್ಯಾಯದಲ್ಲಿ ಓದಬೇಕಿತ್ತು ಇದನ್ನು.

ಬುಯೊಂದೊ ಗಂಟಲು ಸರಿಮಾಡಿಕೊಂಡ. ನೆಂಟ್ರೇ, ಈ ಮನೇಲಿ ಒಂದು ನಿಧಿ ಇದೆ, ಹೇಳ್ಬೇಡ ಅಂತ ಈಗ್ತಾನೆ ನನ್ ಕಿವಿ ಹಿಂಡಿದ್ರು, ಹಾಗಾಗಿ ಹೇಳಲ್ಲ, ಈ ಸೋದರತ್ತೆಯರ ಸಾಲಲ್ಲಿ ಒಬ್ರು ಡಾಕ್ಟರ್ ಇದ್ದಾರೆ ಅಂತ ನಾನು ಹೇಳೋದೇ ಇಲ್ಲ, ಸೂಜಿ ಚುಚ್ಚೋ ಡಾಕ್ಟರ್ ಅಲ್ಲ, ವ್ಯಾಪಾರದ ಡಾಕ್ಟರ್, ನಿಮ್ಮಲ್ಲಿ ತಿಳಿದೋರು ಯಾರಾದ್ರೂ ಇದ್ರೆ ಬಂದು ಗುರುತು ಹಿಡೀಲಿ, ತಪ್ಪಿದ್ರೆ ಒಂದು ಆಡು. ಎರಡೂ ಚಪ್ಪರದಲ್ಲಿ ಕೇಕೆ, ಅಣ್ಣ ಕುರ್ಚಿಯ ತುದಿಗೆ ಬಂದು ಕೂತ, ಮುಖ ಅರಳಿದೆ, ಅಯ್ಯೋ ಅಣ್ಣ ಹೀಗೆ ಅರಳಬೇಡ. ಎದುರಿನವರು ಪಿಸುಪಿಸು ಮಾತಾಡಿದರು, ಯಾರನ್ನು ಕಳಿಸೋದು, ವ್ಯಾಪಾರ ಅಂದ್ಮೇಲೆ ಕವೂಮಾನೇ ಹೋಗ್ಲಿ, ಅವ್ನ್ ನೋಡದ ಡಾಕ್ಟರ್ ಯಾರು. ಇವರೇ ಬರಬೇಕು, ಇಷ್ಟು ಜನರಲ್ಲಿ ಇವರೇ, ಬೋಳುತಲೆ ಬಿಸಿಲಿಗೆ ಬಂತು, ಬುಯೊಂದೊನ ಕೈಯಿಂದ ಮೈಕು ಕವೂಮಾರ ಕೈಗೆ ಹೋಯಿತು, ಜಾಲರಿಯ ಒಂದು ಮಗ್ಗುಲು ತಗ್ಗಾಗಿರುವ ಹಳೆಯ ಮೈಕು, ಆ ತಗ್ಗು ಇವಳ ಕಡೆಗೇ ತಿರುಗಿಕೊಂಡಿದೆ.

ಸಾಲಿನ ಆ ತುದಿಯಿಂದ ಶುರುಮಾಡಿದರು, ಸದ್ಯ. ಇವ್ರಲ್ಲ, ಇವ್ರು ನಗ್ತಿದ್ದಾರೆ, ಡಾಕ್ಟರ್‌ಗಳು ನಗಲ್ಲ. ಜನ ಬಿದ್ದು ಬಿದ್ದು ನಕ್ಕರು. ಇವ್ರಲ್ಲ, ಬಳೆ ಜಾಸ್ತಿ. ಇವ್ರಲ್ಲ, ನನ್ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಿದ್ದಾರೆ, ಡಾಕ್ಟರ್‌ಗಳು ಆಕಾಶ ನೋಡ್ತಾರೆ. ಹತ್ತಿರ ಬರುತ್ತಿದ್ದಾರೆ, ನೆಲ ನೋಡಲೇ ಆಕಾಶ ನೋಡಲೇ, ನಗಲೇ ಬೇಡವೇ, ಕೆವಿನಕ್ಕ ಬೆನ್ನು ಇನ್ನಷ್ಟು ಅಗಲ ಮಾಡಿ ಅಡ್ಡ ಕೂತರೂ ಮೈಕು ಬಂದೇ ಬಿಟ್ಟಿತು, ಅರೆ, ರೆಜಿನಾ, ನೀನಿಲ್ಲಿ. ಅವಳು ಕುರ್ಚಿಯಿಂದ ಜಾರಿ ಹುಲ್ಲಿನ ಮೇಲೆ ಮಂಡಿಯೂರಿದಳು, ಗಂಡಿನ ಕಡೆ ಹಿರಿಯರು, ಮಂಡಿಯೂರಲೇಬೇಕು, ಹೌದು ಸರ್, ಹುಡುಗಿ ನಮ್ಮಣ್ಣನ ಮಗಳು. ಭಲೇ, ನೋಡ್ರಪ್ಪ, ಇವ್ಳು ನನ್ ಸೋಪಿನ ಹೆಣ್ಮಗಳು, ಪೂರ್ವದ ಕಡೆ ಒಂದಂಗಡಿ ಬಿಟ್ಟಿಲ್ಲ, ಇವ್ಳ ಬಗ್ಗೆ ನಾನು ಎರಡಾಡು ಪಣ ಕಟ್ಟಿ ಹೇಳ್ತೀನಿ, ಇವ್ಳು ಡಾಕ್ಟರ್ ಅಲ್ಲ, ಡಾಕ್ಟರ್ ಆಗಿದ್ರೆ ಒಂದ್ ಸೋಪೂ ಮಾರ್ತಿರ್ಲಿಲ್ಲ. ನಮ್ಮ ಚಪ್ಪರಕ್ಕೆ ಚಪ್ಪರವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು, ಅವರು ತಮ್ಮ ಚಟಾಕಿಗೆ ನಗುತ್ತಿದ್ದಾರೆ ಎಂದುಕೊಂಡು ಕೈಬೀಸಿದರು. ಅಲ್ಲ ಎಂದು ಮೈಕಿನಲ್ಲಿ ಕೇಳಿಸಿಕೊಂಡಾಗ ಮೈ ಹಗುರಾಗಬೇಕಿತ್ತು, ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಿದ್ದು ಸಿಟ್ಟು, ಎದ್ದು ನಿಂತು ಆ ಬೋಳುತಲೆಗೆ ನಾಲ್ಕನೇ ಅಧ್ಯಾಯ ಪೂರ್ತಿ ಓದಿ ಹೇಳಬೇಕೆನ್ನುವಷ್ಟು ಸಿಟ್ಟು. ಹುಲ್ಲು ಮಂಡಿಗೆ ಚುಚ್ಚುತ್ತಿತ್ತು. ಅವಳು ನಕ್ಕಳು.

ಇವ್ರೇ. ಕವೂಮಾರ ಬೆರಳು ಕೆವಿನಕ್ಕನ ದಪ್ಪ ಕನ್ನಡಕದ ಮುಂದೆ ನಿಂತಿದೆ. ಇಷ್ಟು ಹೊತ್ತೂ ಯಾರ ಮಾತಿಗೂ ನಗ್ಲಿಲ್ಲ, ಎಲ್ರಿಗೂ ಅಡ್ಡ ಕೂತಿದ್ದಾರೆ, ಕಣ್ಣು ಓದಿ ಓದಿ ಹೋಗಿದೆ, ಇವ್ರೇ ಡಾಕ್ಟರ್. ಹೊಲಿಗೆ ಮೆಷಿನ್ನಿನ ಮುಂದೆ ಹೋದ ಕಣ್ಣು ಅವು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ಕೆವಿನಕ್ಕ, ಬುಯೊಂದೊ ಗೆಲುವಿನ ಕುಣಿತಕ್ಕೆ ಆಗಲೇ ಕಾಲೆತ್ತಿದ್ದ, ತಪ್ಪು ಅನ್ನಲು ಬಾಯಿ ತೆರೆದಿದ್ದ, ಇನ್ನೇನು ನಿಜವಾದ ಡಾಕ್ಟರ್ ಎದ್ದು ನಿಲ್ಲಲಿ ಅನ್ನುತ್ತಾನೆ, ರೆಜಿನಾ ಕೆವಿನಕ್ಕನ ಸೊಂಟಪಟ್ಟಿಯ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಏನು ಮಾಡು ಅಂತ ಅಲ್ಲ, ಬೀಳುವವರು ಹಿಡಿದುಕೊಳ್ಳುವ ಹಾಗೆ. ಕೆವಿನಕ್ಕ ನಿಧಾನವಾಗಿ ಎದ್ದಳು. ಹೌದಪ್ಪ, ನಾನೇ ಡಾಕ್ಟ್ರು, ಅದ್ಹೇಗೆ ಕಂಡುಹಿಡಿದ್ರಿ ನೀವು. ಎದುರು ಚಪ್ಪರ ಎದ್ದು ಕುಣಿಯಿತು, ನಮ್ಮ ಚಪ್ಪರ ಇದೂ ಆಟದ ಒಂದು ಪಟ್ಟು ಎಂದುಕೊಂಡು ಇನ್ನೂ ಜೋರಾಗಿ ನಕ್ಕಿತು, ಬುಯೊಂದೊ ಎತ್ತಿದ ಕಾಲನ್ನು ಕೆಳಗಿಟ್ಟು ಆಡು ಹೋಯ್ತಲ್ಲ ಎಂದು ಮುಖ ಹುಳ್ಳಗೆ ಮಾಡಿಕೊಂಡ. ಅಣ್ಣ ಮಾತ್ರ ನಗಲಿಲ್ಲ. ಎದ್ದು ನಿಂತಿದ್ದಾನೆ, ಕೈ ಮೇಲೆತ್ತಿದ್ದಾನೆ, ಅಲ್ಲ ಅಲ್ಲ ಅನ್ನಲು, ನನ್ ತಂಗಿ, ಅಗೋ ಅವ್ಳು, ಮಂಡಿಯೂರಿದ್ದಾಳಲ್ಲ ಅವ್ಳು ಅನ್ನಲು, ರೆಜಿನಾ ಅವನ ಕಡೆ ನೋಡಿ ಬೇಡ ಎಂದು ತಲೆಯಾಡಿಸಿದಳು, ಈ ಅಂಗಳದಲ್ಲಿ ಇವತ್ತು ಬೇಡ ಅಂದಿದ್ದನ್ನು ಬೇಡ ಎಂದೇ ತಿಳಿದವನು ಅವನೊಬ್ಬ. ಕೈ ಇಳಿಸಿದ, ಕೂತ, ಕೂತ ಮೇಲೆ ಅವಳ ಕಡೆ ನೋಡಲಿಲ್ಲ. ಎಷ್ಟು ಬಾಳೆಗೊನೆ ಅಣ್ಣ, ಎಷ್ಟು ವರ್ಷ, ನನಗೆ ನಾಚಿಕೆಯಾಗುತ್ತಿದೆ, ಕೆಲಸ ಉಳಿಯಿತು ಅಣ್ಣ, ಸೋಮವಾರ ರುಜು ಬೀಳುತ್ತದೆ, ನಿನ್ನ ಮುಖ ಹೀಗಾಗಬಾರದಿತ್ತು.

ಕವೂಮಾರಿಗೆ ಉತ್ಸಾಹ ಏರಿದೆ, ಮೈಕು ಬಿಡುವ ಅಂದಾಜಿಲ್ಲ. ಡಾಕ್ಟ್ರೇ, ಸಿಕ್ಕಿದ್ದೀರಿ, ಬಿಡಲ್ಲ, ನಮ್ ಮನೆಗ್ ಬರೋ ಹುಡುಗಿನೂ ಎಂಬಿಎ ಸೇರ್ತೀನಿ, ಆಮೇಲೆ ಇನ್ನೂ ಮೇಲಕ್ ಓದ್ತೀನಿ ಅಂತಾಳಂತೆ, ನಮ್ಮ ತಂಗಿಗೆ ಇಷ್ಟ ಇಲ್ಲ, ನನಗಂತೂ ಮೊದಲೇ ಇಲ್ಲ, ಆದ್ರೆ ಈ ಮನೆ ಡಾಕ್ಟ್ರು ನೀವು, ಹಿರಿಯರು, ನಿಮ್ ಮಾತು ತೆಗೆದ್ಹಾಕಲ್ಲ, ಎಲ್ರ ಮುಂದೆ ಹೇಳಿ, ಅಷ್ಟೆಲ್ಲ ಓದಿದ್ರಿಂದ ನಿಮ್ಗೆ ಏನ್ ಸಿಕ್ತು, ನೀವು ಓದ್ಲಿ ಅಂದ್ರೆ ಓದಿಸ್ತೀವಿ, ಬೇಡ ಅಂದ್ರೆ ಇಲ್ಲಿಗೇ ಬಿಟ್ವಿ. ನಗು ನಿಂತಿತು. ಒಳಕೋಣೆಯ ಕಿಟಕಿಯ ಪರದೆ ಅಲುಗಿತು, ಗೊರೆಟ್ಟಿ, ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ, ಯಾರು ಡಾಕ್ಟರ್ ಎಂದು ಅವಳಿಗೆ ಗೊತ್ತು, ಯಾರು ಉತ್ತರ ಹೇಳಬೇಕೆಂದೂ ಗೊತ್ತು. ಓದಲಿ ಅಂದುಬಿಡು ಕೆವಿನಕ್ಕ, ಅಷ್ಟು ಅಂದರೆ ಸಾಕು, ಇಲ್ಲ, ಯಾಕೆ ಎಂದು ಕೇಳುತ್ತಾರಲ್ಲ, ಏನು ಸಿಕ್ಕಿತು ಎಂದು, ಏನು ಸಿಕ್ಕಿತು, ಸೋಪು ಮಾರಿದ್ದು ಅದರಿಂದಲೇ, ಆದರೆ ಅದನ್ನು ಹೇಳುವ ಹಾಗಿಲ್ಲ, ಓದಬೇಡ ಅನ್ನಲೇ, ಅಂದರೆ ಆ ಹುಡುಗಿ ಬಾಳೆಲ್ಲ ಅಡುಗೆಮನೆಯಲ್ಲಿ ನನ್ನ ಹೆಸರು ಹಿಡಿದು ಶಪಿಸುತ್ತಾಳೆ, ಓದು ಅಂದರೆ ಹತ್ತು ವರ್ಷ ಬಿಟ್ಟು ಇನ್ಯಾರದೋ ಅಂಗಳದಲ್ಲಿ ಹೀಗೇ ಮಂಡಿಯೂರಿ ಅಲ್ಲ ಅನ್ನಿಸಿಕೊಳ್ಳುತ್ತಾಳೆ, ಎದ್ದುಬಿಡಲೇ, ನಾನು ಸರ್, ನಾನೇ, ಎಂದುಬಿಡಲೇ, ಸೋಮವಾರ, ಸೋಮವಾರ. ಕೆವಿನಕ್ಕ ಇವಳ ಕಡೆ ಬಾಗಿದಳು, ತುಟಿ ಅಲುಗಿಸದೆ ಪಿಸುಗುಟ್ಟಿದಳು, ಬೇಗ ಹೇಳೇ ರೆಜಿನಾ, ಏನ್ ಸಿಕ್ತು ಅನ್ಲಿ. ರೆಜಿನಾ ಬಾಯಿ ತೆರೆದಳು. ಕವೂಮಾರ ಕೈ ಮುಂದೆ ಚಾಚಿತು, ಕೆವಿನಕ್ಕನ ತುಟಿಗೂ ಇವಳ ತುಟಿಗೂ ನಡುವೆ ಮೈಕು, ಜಾಲರಿಯ ಆ ತಗ್ಗು, ಅದರಲ್ಲಿ ಯಾರದೋ ಎಂಜಲಿನ ಹನಿ, ಧ್ವನಿಪೆಟ್ಟಿಗೆಯಲ್ಲಿ ಅವಳದೇ ಉಸಿರು ಬರುತ್ತಿದೆ, ಹೋಗುತ್ತಿದೆ, ಅಂಗಳವೆಲ್ಲ ಕೇಳಿಸಿಕೊಳ್ಳುತ್ತಿದೆ, ಮೈಕು, ಮೈಕು…